ಸಹಾಯ ಬೇಕು: ಗಣಿತ ಶಿಕ್ಷಕರಿಗೆ ಜಿಯೋಜಿಬ್ರಾ ತರಬೇತಿ

ಗುಂಪಿನ ಸದಸ್ಯರಿಗೆ ನಮಸ್ಕಾರ. ನಮ್ಮ ತಾಲ್ಲೂಕಿನ ಪ್ರೌಢಶಾಲಾ ಗಣಿತ ಶಿಕ್ಷಕರಿಗಾಗಿ ಜಿಯೋಜಿಬ್ರಾ (ಆಕೃತಿಗಳನ್ನೂ ನಕ್ಷೆಗಳನ್ನೂ ಪರದೆಯ ಮೇಲೆ ರಚಿಸಿ, ಸರಿಸಿ ನೋಡುವ ಗಣಿತ ತಂತ್ರಾಂಶ) ಕಾರ್ಯಾಗಾರವೊಂದನ್ನು ರೂಪಿಸುವ ಹೊಣೆ ನನ್ನ ಮೇಲಿದ್ದು, ಇಂಥ ತರಬೇತಿ ನಡೆಸಿದ ಅನುಭವವಿರುವವರ ಮಾರ್ಗದರ್ಶನವನ್ನು ಕೋರುತ್ತಿದ್ದೇನೆ.

ತಂತ್ರಾಂಶವು ಶಾಲೆಗಳಿಗೆ ಉಚಿತವಾಗಿ ದೊರೆಯುತ್ತದೆ, ಒಮ್ಮೆ ಅಳವಡಿಸಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ತೊಡಕಿರುವುದು ಬೋಧನೆಯಲ್ಲಿ. ಯಾವ ಗುಂಡಿ ಎಲ್ಲಿದೆ ಎಂದು ತೋರಿಸುವುದರಲ್ಲೇ ಇಂಥ ತರಬೇತಿಗಳು ಮುಗಿದುಹೋಗುವುದುಂಟು (ಪ್ರಮಾಣಪತ್ರವಂತೂ ತಪ್ಪದೆ ಸಿಗುತ್ತದೆ). ತ್ರಿಭುಜದ ಒಂದು ಬಾಹುವಿಗೆ ಕಣ್ಣಳತೆಯಲ್ಲಿ ಎಳೆದ ಸಮಾಂತರ ರೇಖೆಗೂ ಅದಕ್ಕೆಂದೇ ಇರುವ ಸಾಧನದಿಂದ ರಚಿಸಿದ ರೇಖೆಗೂ ಇರುವ ವ್ಯತ್ಯಾಸವು ತ್ರಿಭುಜದ ಶೃಂಗವನ್ನು ಅತ್ತಿತ್ತ ಸರಿಸಿದಾಗ ಬಯಲಾಗುತ್ತದೆ. ಥೇಲ್ಸ್ ಪ್ರಮೇಯದ (ಒಂದು ಬಾಹುವಿಗೆ ಸಮಾಂತರವಾದ ರೇಖೆಯು ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬುದು) ಅನುಪಾತಗಳು ಹಾಗೆ ಸರಿಸಿದಷ್ಟೂ ಸಮವಾಗಿಯೇ ಕಂಡರೂ ಅದು ಪ್ರಮೇಯದ ಸಾಧನೆ (ತಾರ್ಕಿಕ ರುಜುವಾತು) ಆಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಮನಗಾಣಿಸುವ ಪ್ರಶ್ನೆಗಳನ್ನು ಶಿಕ್ಷಕರು ತಾವೇ ರೂಪಿಸುವಂತಾಗಬೇಕು ಎಂಬುದು ನನ್ನ ಆಶಯ.

10ನೇ ತರಗತಿಯ ತ್ರಿಭುಜಗಳು ಮತ್ತು ವರ್ಗ ಸಮೀಕರಣಗಳ ಅಧ್ಯಾಯಗಳಿಗೆ ಕನ್ನಡದಲ್ಲಿ ಸಿದ್ಧಪಡಿಸಿದ ಚಟುವಟಿಕೆ ಹಾಳೆಗಳು, ಅದರಲ್ಲೂ ಶೋಧಕದ (b² − 4ac) ಚಿಹ್ನೆ ಬದಲಾದಂತೆ ವರ್ಗ ಸಮೀಕರಣದ ನಕ್ಷೆಯಾದ ಪರವಲಯವು ಎಕ್ಸ್ ಅಕ್ಷವನ್ನು ಎರಡು ಕಡೆ ಛೇದಿಸುವುದನ್ನು, ಒಂದು ಕಡೆ ಮಾತ್ರ ಸ್ಪರ್ಶಿಸುವುದನ್ನು ಅಥವಾ ಮುಟ್ಟದೆಯೇ ಉಳಿಯುವುದನ್ನು ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಮೂಲಕ ತೋರಿಸುವ ಕಡತಗಳು ನಿಮ್ಮಲ್ಲಿದ್ದರೆ ದಯವಿಟ್ಟು ಹಂಚಿಕೊಳ್ಳಿ. ಒಂದೇ ಪ್ರೊಜೆಕ್ಟರ್ ಇರುವ ತರಗತಿಯಲ್ಲಿ ಮಕ್ಕಳೆಲ್ಲರನ್ನೂ ತೊಡಗಿಸುವುದು ಹೇಗೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.