‘ಶಾವಿಗೆ ಹುರಿದು’ ಅಂದರೆ ಏನು ಮಾಡಬೇಕು?

ಎಲ್ಲರಿಗೂ ನಮಸ್ಕಾರ. ಒಂದು ಅಡುಗೆಮನೆಯ ಪದದ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಹೋದ ವಾರ ಅಕ್ಕನಿಗೆ ಜಾಪ್ಚೆ ಮಾಡುವ ಬಗೆಯನ್ನು ಕನ್ನಡದಲ್ಲಿ ಬರೆದು ಕಳಿಸಿದ್ದೆ. ಕೊರಿಯಾದಲ್ಲಿ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಮಾಡುವ ನೂಡಲ್ಸ್ ಅದು. ಮೊದಲ ಸಾಲಿನಲ್ಲೇ ‘ಶಾವಿಗೆ ಹುರಿದು ಮಾಡುವ ತಿಂಡಿ’ ಎಂದು ಬರೆದಿದ್ದೆ. ಅಕ್ಕ ಪೊಟ್ಟಣ ಒಡೆದವಳೇ ಹಸಿ ನೂಡಲ್ಸನ್ನು ಬಾಣಲೆಗೆ ಹಾಕಿ, ಉಪ್ಪಿಟ್ಟಿಗೆ ಹುರಿಯುವ ಹಾಗೆ ಹುರಿದಿದ್ದಾಳೆ. ಅವು ಅಲ್ಲಲ್ಲಿ ಉಬ್ಬಿ, ಕಂದಿ, ಆಮೇಲೆ ಎಷ್ಟು ಬೇಯಿಸಿದರೂ ಸರಿಹೋಗಲಿಲ್ಲ. ತಪ್ಪು ಅವಳದಲ್ಲ. ನಮ್ಮಲ್ಲಿ ‘ಶಾವಿಗೆ ಹುರಿ’ ಅಂದರೆ ಅರ್ಥ ಅದೇ ಅಲ್ವಾ? ಬೇಯಿಸುವ ಮೊದಲು, ಕೆಂಪಗಾಗುವ ತನಕ.

‘ಹುರಿ’ ತುಂಬಾ ಅಗಲವಾದ ಪದ. ಎಳ್ಳು ಹುರಿಯುತ್ತೇವೆ, ಕಾಫಿ ಬೀಜ ಹುರಿಯುತ್ತೇವೆ, ರವೆ ಹುರಿಯುತ್ತೇವೆ. ಇಲ್ಲಿ ಎಣ್ಣೆ ಬೇಕೆಂದೇನಿಲ್ಲ. ಈರುಳ್ಳಿಯನ್ನು ಎಣ್ಣೆಯಲ್ಲಿ ಹುರಿಯುತ್ತೇವೆ. ಕೊರಿಯನ್ನಿನ ‘ಬೊಕ್ದಾ’ ಕೂಡ ಹೀಗೇ: ಎಳ್ಳಿಗೂ ಅದೇ, ಕಾಫಿ ಬೀಜಕ್ಕೂ ಅದೇ, ಎಣ್ಣೆಯಲ್ಲಿ ಕೈಯಾಡಿಸುವ ತರಕಾರಿಗೂ ಅದೇ. ಇದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಆ ಖುಷಿಯಲ್ಲೇ ‘ಬೊಕ್ದಾ’ ಇದ್ದ ಕಡೆಯೆಲ್ಲ ‘ಹುರಿ’ ಎಂದು ಬರೆದುಬಿಟ್ಟಿದ್ದೆ.

ಆದರೆ ಜಾಪ್ಚೆಯಲ್ಲಿ ನಿಜವಾಗಿ ನಡೆಯುವುದೇ ಬೇರೆ. ನೂಡಲ್ಸ್ ಸಿಹಿಗೆಣಸಿನ ಪಿಷ್ಟದ್ದು. ಹಸಿಯಲ್ಲಿ ಬೂದು ಬಣ್ಣ. ಏಳೆಂಟು ನಿಮಿಷ ಕುದಿಸಿದರೆ ಬೆಂದ ಸಬ್ಬಕ್ಕಿಯ ಹಾಗೆ ಆಚೆಬದಿ ಕಾಣುವಂತಾಗುತ್ತದೆ. ಕ್ಯಾರೆಟ್, ಈರುಳ್ಳಿ, ಅಣಬೆಯನ್ನು ಕಡ್ಡಿಯ ಹಾಗೆ ಉದ್ದುದ್ದ ಹೆಚ್ಚಿ, ಒಂದೊಂದನ್ನೂ ಬೇರೆ ಬೇರೆಯಾಗಿ ಎಣ್ಣೆಯಲ್ಲಿ ಬಾಡಿಸಬೇಕು. ಒಟ್ಟಿಗೆ ಹಾಕಿದರೆ ಅಣಬೆಯ ನೀರು ಕ್ಯಾರೆಟ್ಟಿಗೆ ಇಳಿದು ಎಲ್ಲದರ ರುಚಿ, ಬಣ್ಣ ಒಂದೇ ಆಗುತ್ತದೆ. ಪಾಲಕ್ ಸೊಪ್ಪನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ ಹಿಂಡಬೇಕು. ಕೊನೆಗೆ ದೊಡ್ಡ ಪಾತ್ರೆಯಲ್ಲಿ ಎಲ್ಲವನ್ನೂ ಹಾಕಿ, ಸೋಯಾ ಸಾಸ್, ಸಕ್ಕರೆ, ಎಳ್ಳೆಣ್ಣೆ ಸುರಿದು ಕೈಯಿಂದಲೇ ಕಲಸುವುದು. ಬೆಂದ ನೂಡಲ್ಸನ್ನು ಸೋಯಾ ಸಾಸ್ ಜೊತೆ ಎರಡು ನಿಮಿಷ ಬಾಣಲೆಯಲ್ಲಿ ತಿರುವುವವರೂ ಇದ್ದಾರೆ. ‘ಬೊಕ್ದಾ’ ನೂಡಲ್ಸಿಗೆ ತಾಗುವುದು ಅಷ್ಟು ಹೊತ್ತು ಮಾತ್ರ.

ಕೊನೆಯ ಕೆಲಸಕ್ಕೆ ಅವರ ಹತ್ತಿರ ‘ಮುಚಿದಾ’ ಎಂಬ ಬೇರೆ ಪದವೇ ಇದೆ. ಬೇಯಿಸಿದ ಸೊಪ್ಪಿಗೆ ಉಪ್ಪು, ಎಣ್ಣೆ, ಎಳ್ಳು ಹಾಕಿ ಕೈಯಲ್ಲಿ ಬೆರೆಸುವುದು ಎಂದು ಅರ್ಥ. ನಾವು ಚಿತ್ರಾನ್ನ ಕಲಸುತ್ತೇವಲ್ಲ, ಅವಲಕ್ಕಿ ಕಲಸುತ್ತೇವಲ್ಲ, ಅದೇ ‘ಕಲಸು’. ಹಾಗಾಗಿ ಜಾಪ್ಚೆಗೆ ‘ಹುರಿದ ಶಾವಿಗೆ’ಗಿಂತ ‘ಕಲಸಿದ ಶಾವಿಗೆ’ ಹತ್ತಿರ ಅಂತ ನನ್ನ ಅನಿಸಿಕೆ.

ಹೆಸರಿನಲ್ಲೂ ಹುರಿಯುವ ಮಾತಿಲ್ಲ. ‘ಜಾಪ್’ ಅಂದರೆ ಬೆರಕೆ, ‘ಚೆ’ ಅಂದರೆ ಸೊಪ್ಪು ತರಕಾರಿ. ಮೈಸೂರು, ಮಂಡ್ಯದ ಕಡೆ ಹೊಲದ ಬದುವಿನಿಂದ ಕಿತ್ತು ತಂದು ಸಾರು ಮಾಡುವ ‘ಬೆರಕೆ ಸೊಪ್ಪು’ ಇದೆಯಲ್ಲ, ಪದಕ್ಕೆ ಪದ ಅದೇ! ಕೊರಿಯಾದ ಅರಸ ಗ್ವಾಂಗ್‌ಹೇಗುನ್ ಆಳಿದ ಕಾಲದಲ್ಲಿ (1608–1623) ಇದು ಅರಮನೆಯ ಅಡುಗೆಯಾಗಿತ್ತು. ಆಗ ಇದರಲ್ಲಿ ನೂಡಲ್ಸ್ ಇರಲೇ ಇಲ್ಲ, ಬರೀ ತರಕಾರಿ. ನೂಡಲ್ಸ್ ಸೇರಿದ್ದು 20ನೇ ಶತಮಾನದಲ್ಲಿ.

ಈಗ ನನ್ನ ಪ್ರಶ್ನೆ. ಎಣ್ಣೆ ಸ್ವಲ್ಪ, ಉರಿ ಜಾಸ್ತಿ, ಕೈ ನಿಲ್ಲಿಸದೆ ತಿರುವುವುದು. ಇದಕ್ಕೆ ನಿಮ್ಮ ಊರಲ್ಲಿ ಏನನ್ನುತ್ತೀರಿ? ‘ಬಾಡಿಸು’ ಅಂದರೆ ನನಗೆ ಸಣ್ಣ ಉರಿಯಲ್ಲಿ ಸೊಪ್ಪು ಮೆತ್ತಗಾಗುವ ಚಿತ್ರವೇ ಕಣ್ಣಿಗೆ ಬರುತ್ತದೆ. ‘ತಾಳಿಸು’ ಅನ್ನುವುದನ್ನು ಕೇಳಿದ್ದೇನೆ, ಆದರೆ ನಮ್ಮ ಮನೆಯಲ್ಲಿ ಬಳಸುವುದಿಲ್ಲ. ಅದನ್ನು ದಿನವೂ ಆಡುವವರಿದ್ದರೆ, ಒಗ್ಗರಣೆ ಕೊಡುವುದಕ್ಕಷ್ಟೇ ಹೇಳುತ್ತೀರೋ, ತರಕಾರಿ ತಿರುವುವುದಕ್ಕೂ ಹೇಳುತ್ತೀರೋ, ದಯವಿಟ್ಟು ತಿಳಿಸಿ. ಅಕ್ಕನ ಹತ್ತಿರ ಇನ್ನೊಂದು ಪೊಟ್ಟಣ ಉಳಿದಿದೆ. ಭಾನುವಾರದೊಳಗೆ ತಿದ್ದಿ ಕಳಿಸಬೇಕು.