ಲ್ಯಾಕರ್ ಒಣಗುವುದೋ, ಅರಗುವುದೋ? ಸನ್‌ಬರ್ಸ್ಟ್ ಗಿಟಾರಿನ ಕೆಲವು ಮಾತುಗಳು

ಎಲ್ಲರಿಗೂ ನಮಸ್ಕಾರ.

ನಾಲ್ಕು ಪುಟ ಬರೆಯಲು ಕೂತು ಮೂರು ವಾರ ಆಯಿತು, ಇನ್ನೂ ಎರಡನೇ ಪುಟದಲ್ಲೇ ಇದ್ದೇನೆ. ವಿಷಯ ಇಷ್ಟು. ನಮ್ಮ ಭಾವ ಬೆಂಗಳೂರಿನಲ್ಲಿ ಮನೆ ಮಹಡಿಯ ಮೇಲಿನ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಾರೆ. ವರ್ಷಕ್ಕೆ ಮೂರೋ ನಾಲ್ಕೋ, ಅಷ್ಟೇ. ಈ ಸಲ ಅವರ ಪಕ್ಕ ನಿಂತು ನಾನೂ ಒಂದು ಮಾಡಿದೆ. ಹಿಂದೆ ಮಹಾಗನಿ, ಮುಂದೆ ಮೇಪಲ್ ಹಲಗೆ. ಬಣ್ಣಕ್ಕೆ ಮಾತ್ರ ಒಬ್ಬ ಪಾಲಿಶ್ ಮೇಸ್ತ್ರಿ ಬರುತ್ತಾರೆ, ಅವರ ಜೊತೆ ಇಬ್ಬರು ಹೊಸ ಹುಡುಗರು. ಒಬ್ಬ ಹಾವೇರಿ ಕಡೆಯವನು, ಇನ್ನೊಬ್ಬ ಕನಕಪುರದವನು. “ಹುಡುಗರಿಗೆ ಕೆಲಸದ ಕ್ರಮ ಕನ್ನಡದಲ್ಲಿ ಬರೆದುಕೊಡು, ನೀನು ಹೇಗೂ ಪದ ಪದ ಅಂತ ಸಾಯ್ತಿರ್ತೀಯಲ್ಲ” ಅಂದರು ಭಾವ. ಒಪ್ಪಿಕೊಂಡೆ. ಈಗ ಒಂದೊಂದು ಸಾಲಿಗೂ ಒಂದೊಂದು ಪದ ಕಾಲಿಗೆ ತೊಡರುತ್ತಿದೆ.

ಸನ್‌ಬರ್ಸ್ಟ್ ಎಂದರೆ ಗಿಟಾರಿನ ಮೈಮೇಲೆ ನಡುವೆ ಜೇನಿನಂಥ ಹಳದಿ, ಅದು ಹೊರಗೆ ಹೋದಂತೆ ಕೆಂಪಿಗೋ ಕಂದಿಗೋ ತಿರುಗಿ, ಅಂಚಿನಲ್ಲಿ ಹೆಚ್ಚುಕಡಿಮೆ ಕಪ್ಪಾಗುವುದು. ಎಲ್ಲೂ ಗೆರೆ ಕಾಣಬಾರದು. ಎಲೆಕ್ಟ್ರಿಕ್ ಗಿಟಾರ್ ಹುಟ್ಟುವ ಮೊದಲೇ ಇದು ಇತ್ತು. ಅಮೆರಿಕದ ಗಿಬ್ಸನ್ ಕಂಪನಿ 1922ರ ಹೊತ್ತಿಗೆ ಮ್ಯಾಂಡೊಲಿನ್‌ಗಳಿಗೆ ಹಾಕುತ್ತಿದ್ದ ಇಂಥದೇ ಬಣ್ಣಕ್ಕೆ ‘ಕ್ರೆಮೋನಾ ಬ್ರೌನ್’ ಎಂದು ಹೆಸರಿಟ್ಟಿತ್ತು, ಕ್ರೆಮೋನಾ ಪಿಟೀಲಿಗೆ ಹೆಸರಾದ ಇಟಲಿಯ ಊರು. ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ 1954ರಲ್ಲಿ ಬಂದಾಗ ಹಳದಿ-ಕಪ್ಪು ಎರಡೇ ಬಣ್ಣ. 1958ರಲ್ಲಿ ನಡುವೆ ಕೆಂಪು ಸೇರಿ ಮೂರಾಯಿತು.

ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ನನ್ನ ಸ್ನೇಹಿತರೊಬ್ಬರು ‘ಸೂರ್ಯಸ್ಫೋಟ’ ಎಂದರು. ಪಟಾಕಿ ಡಬ್ಬದ ಮೇಲೆ ಬರೆಯಬಹುದು. ಇನ್ನೊಬ್ಬರದು ‘ರವಿಕಿರಣ’, ಆದರೆ ಗಿಟಾರಿನ ಮೇಲೆ ಕಿರಣ ಎಲ್ಲಿದೆ? ಒಂದು ಗೆರೆಯೂ ಇಲ್ಲದಿರುವುದೇ ಅದರ ಸೊಗಸು. ನಮ್ಮ ಅಜ್ಜಿ ಚಂದ್ರನ ಸುತ್ತ ಬಳೆ ಕಂಡರೆ ‘ಚಂದ್ರ ಗುಡಿ ಕಟ್ಟಿದ್ದಾನೆ, ಮಳೆ ಬರುತ್ತೆ’ ಅನ್ನುತ್ತಿದ್ದರು. ಆ ಗುಡಿಯನ್ನು ಇಲ್ಲಿಗೆ ಎಳೆಯೋಣ ಅನಿಸಿತು, ಸುಂದರ ಪದ. ಆದರೆ ಅಲ್ಲಿ ಬೆಳಕು ಸುತ್ತಿನಲ್ಲಿ, ಇಲ್ಲಿ ನಡುವಿನಲ್ಲಿ. ಮುಳುಗುವ ಸೂರ್ಯನ ಚಿತ್ರವೇ ಸರಿ ಅನಿಸಿ ‘ಸಂಜೆಗೆಂಪು’ ಎಂದು ಬರೆದು ನೋಡಿದೆ. ಹುಡುಗರು ಓದಿ ಕೆಂಪು ಬಣ್ಣದ ಡಬ್ಬ ತಂದಿಟ್ಟರು. ಮೇಸ್ತ್ರಿಯನ್ನೇ ಕೇಳಿದರೆ ಅವರು “ಅದೇ ಸಾರ್, ನಡುವೆ ಬೆಳಕು ಬಿಟ್ಟಿರೋದು” ಅಂದರು. ಬಾಗಿಲಿನ ಹಲಗೆಗೆ, ಮಂಚದ ತಲೆಕಡೆಗೆ ಹೀಗೆ ಅಂಚು ಕಪ್ಪು ಮಾಡಿ ಕೊಡಿ ಎಂದು ಕೇಳುವವರು ಹಿಂದೆ ಜಾಸ್ತಿ ಇದ್ದರಂತೆ. ‘ಬೆಳಕು ಬಿಡುವುದು’! ನಾನು ಹತ್ತು ದಿನ ಹುಡುಕಿದ್ದಕ್ಕಿಂತ ಚೆನ್ನಾಗಿದೆ.

ಹಾಗಂತ ಹೆಸರನ್ನು ನಾನು ಬದಲಿಸುತ್ತಿಲ್ಲ. ಗಿಟಾರ್ ಎನ್ನುವುದನ್ನೇ ಹಾಗೇ ಇಟ್ಟುಕೊಂಡ ಮೇಲೆ ಸನ್‌ಬರ್ಸ್ಟ್ ಇರಲಿ, ಯಾರಿಗೂ ತೊಂದರೆ ಇಲ್ಲ. ನನಗೆ ಬೇಕಿರುವುದು ಕ್ರಿಯಾಪದ. ಬಣ್ಣ ಏನು ಮಾಡುತ್ತದೆ, ಮೇಸ್ತ್ರಿ ಏನು ಮಾಡುತ್ತಾರೆ, ಅದನ್ನು ಹೇಳುವ ಮಾತು ಇಂಗ್ಲಿಷಿನಿಂದ ಬಂದರೆ ಹುಡುಗರ ಕೈಗೆ ಹತ್ತುವುದಿಲ್ಲ. ‘ಬ್ಲೆಂಡ್ ಮಾಡಿ’ ಎಂದು ಬರೆದಿದ್ದೆ. ಕನಕಪುರದವನು ಎರಡು ಬಣ್ಣ ಒಂದು ಡಬ್ಬಕ್ಕೆ ಸುರಿದು ಕಲಸಿಟ್ಟ! ತಪ್ಪು ಅವನದಲ್ಲ. ಮಿಕ್ಸಿಗೆ ಬ್ಲೆಂಡರ್ ಅನ್ನುತ್ತಾರಲ್ಲ, ಅವನು ಮಾಡಿದ್ದು ಅದನ್ನೇ. ಆಮೇಲೆ ‘ಹಳದಿ ಕೆಂಪಿಗೆ ತಿರುಗುವ ಹಾಗೆ ಹೊಡಿ, ಮಾವಿನಕಾಯಿ ದೋರೆ ಆಗುತ್ತಲ್ಲ ಹಾಗೆ’ ಎಂದು ತಿದ್ದಿದೆ. ಅವನ ಮುಖ ಅರಳಿತು. ಕಾಯಿ ಬಣ್ಣ ತಿರುಗುವಾಗ ಹಸಿರು ಎಲ್ಲಿ ಮುಗಿಯಿತು, ಹಳದಿ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲವಲ್ಲ. (ನಮ್ಮ ಮನೆ ದೋಸೆಯೂ ಒಂದು ಸನ್‌ಬರ್ಸ್ಟೇ, ಆದರೆ ಉಲ್ಟಾ. ನಡುವೆ ಕೆಂಪು, ಅಂಚು ಬಿಳಿ.)

ಈಗ ದೊಡ್ಡ ತಲೆನೋವಿಗೆ ಬರುತ್ತೇನೆ, ಲ್ಯಾಕರ್, ಎಂದರೆ ಮರದ ಮೇಲೆ ಹೊಡೆಯುವ ಹೊಳಪಿನ ಲೇಪ. ನಿಘಂಟು ತೆಗೆದರೆ ‘ಅರಗು’, ‘ಮೆರುಗೆಣ್ಣೆ’ ಎಂದು ಸಿಗುತ್ತದೆ. ಮೆರುಗೆಣ್ಣೆ ವಾರ್ನಿಷ್‌ಗೆ ಒಪ್ಪುತ್ತದೆ, ಅದರಲ್ಲಿ ಎಣ್ಣೆ ಇರುತ್ತದೆ. ನಾವು ಹೊಡೆಯುವುದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ಅದರಲ್ಲಿ ಎಣ್ಣೆಯ ಕೆಲಸ ಇಲ್ಲ, ಅದನ್ನು ತೆಳು ಮಾಡಲು ಬೆರೆಸಿದ ತಿನ್ನರ್ ಹಾರಿಹೋದ ಮೇಲೆ ಉಳಿಯುವ ಪೊರೆ ಅಷ್ಟೇ. ಹಾಗಾದರೆ ಅರಗು? ಮೂಲ ನೋಡಿದರೆ ಸರಿಯೇ. ಸಂಸ್ಕೃತದ ಲಾಕ್ಷಾ, ಹಿಂದಿಯ ಲಾಖ್, ಪಾರ್ಸಿ ಅರಬ್ಬಿ ಬಾಯಲ್ಲಿ ಸುತ್ತಿ, ಪೋರ್ಚುಗೀಸರ ಹಡಗು ಹತ್ತಿ, ಇಂಗ್ಲಿಷಿಗೆ ಹೋಗಿ ಲ್ಯಾಕರ್ ಆಗಿ ವಾಪಸ್ ಬಂದಿದೆ. ಮುತ್ತುಗ, ಬೋರೆ ಮರಗಳ ಮೇಲೆ ಹುಳ ಕೂಡಿಸುವ ಅರಗು ನಮ್ಮ ಚನ್ನಪಟ್ಟಣದ ಗೊಂಬೆಯ ಮೇಲೂ ಇದೆ. ಅಲ್ಲಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿಯಿಂದ ಒತ್ತಿ ತಿಕ್ಕಿದರೆ ಹೊಳಪು. ಅಲ್ಲಿ ಬ್ರಷ್ಷೂ ಇಲ್ಲ, ತಿನ್ನರೂ ಇಲ್ಲ.

ಜಪಾನಿನ ಉರುಷಿಗೂ ಇಂಗ್ಲಿಷಿನಲ್ಲಿ ಲ್ಯಾಕರ್ ಎಂದೇ ಹೆಸರು. ಅದು ಹುಳದ್ದಲ್ಲ, ಮರದ ಹಾಲು, ಗಟ್ಟಿಯಾಗಲು ಗಾಳಿಯಲ್ಲಿ ತೇವ ಬೇಕು. ನಮ್ಮ ನೈಟ್ರೋಗೆ ತೇವ ಕಂಡರೆ ಆಗದು. ಮೂರು ಬೇರೆ ಬೇರೆ ವಸ್ತು, ಒಂದೇ ಹೆಸರು. ಹಾಗಾಗಿ ಗಿಟಾರಿನ ಲ್ಯಾಕರನ್ನು ಅರಗು ಎಂದರೆ ಚನ್ನಪಟ್ಟಣದವರು ನಗುತ್ತಾರೆ ಎಂಬುದು ನನ್ನ ಹೆದರಿಕೆ. ಒಂದು ವಿಷಯಕ್ಕೆ ಮಾತ್ರ ಹೋಲಿಕೆ ಪಕ್ಕಾ. ನೈಟ್ರೋ ಲ್ಯಾಕರ್ ಡಬ್ಬಗಳನ್ನು ಜೋಡಿಸಿಟ್ಟ ಶೆಡ್ಡು ಪಾಂಡವರ ಅರಗಿನ ಮನೆಗಿಂತ ಏನೂ ಕಡಿಮೆಯಲ್ಲ, ಬೀಡಿ ಹಚ್ಚುವವರನ್ನು ಭಾವ ಮೆಟ್ಟಿಲ ಕೆಳಗೇ ತಡೆಯುತ್ತಾರೆ.

ಮೇಸ್ತ್ರಿಗೆ ಈ ಚಿಂತೆ ಇಲ್ಲ. ಅವರು ಲ್ಯಾಕರ್ ಅನ್ನುವುದೇ ಇಲ್ಲ. ಬಣ್ಣ ಇಲ್ಲದ್ದು, ನೈಟ್ರೋಸೆಲ್ಯುಲೋಸನ್ನು ಮೊಟಕು ಮಾಡಿ, ‘ಎನ್‌ಸಿ’, ಬಣ್ಣ ಇದ್ದದ್ದು ‘ಡುಕೋ’. ಈ ಡುಕೋ ಎಲ್ಲಿಂದ ಬಂತು ಎಂದು ನೋಡಿದರೆ, 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ಕಾರುಗಳಿಗೆಂದು ತಂದ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು ಅದು. ಅದಕ್ಕೆ ಮೊದಲು ಒಂದು ಕಾರಿಗೆ ಬಣ್ಣ ಹೊಡೆದು ಒಣಗಿಸಲು ವಾರಗಟ್ಟಲೆ ಬೇಕಿತ್ತು, ಡುಕೋ ಬಂದ ಮೇಲೆ ಗಂಟೆಗಳ ಮಾತಾಯಿತು. ಫೆಂಡರ್‌ನವರು ಕಾರಿನ ಬಣ್ಣಗಳನ್ನೇ ತಂದು ಗಿಟಾರಿಗೂ ಹೊಡೆದರು. ಆ ಹೆಸರು ನಮ್ಮ ಬಡಗಿಗಳ ಬಾಯಲ್ಲಿ ಉಳಿದು ಈಗ ಅಡುಗೆಮನೆ ಕಪಾಟಿಗೆ ಸ್ಪ್ರೇ ಗನ್ನಿನಿಂದ ಹೊಡೆಯುವ ಯಾವ ನುಣುಪು ಬಣ್ಣವೂ ಡುಕೋ. ನನಗೆ ಇದು ಕನ್ನಡ ಪದವೇ, ಬಿಡಿ. ಮೇಸ್ತ್ರಿ ‘ಡುಕೋ ಹೊಡೀತೀನಿ’ ಅಂದಾಗ ಅವರಿಗೆ ಗೊತ್ತಿಲ್ಲದೆಯೇ ಗಿಟಾರ್ ಚರಿತ್ರೆಗೆ ಸರಿಯಾದ ಮಾತೇ ಹೇಳುತ್ತಿದ್ದಾರೆ.

ನಾನು ನಿಜವಾಗಿ ಕೇಳಬೇಕೆಂದಿದ್ದ ಪ್ರಶ್ನೆ ಇಲ್ಲಿಂದ ಶುರು. ನೈಟ್ರೋ ಲ್ಯಾಕರಿನ ಗುಣ ಏನೆಂದರೆ, ಒಣಗಿದ ಕೋಟಿನ ಮೇಲೆ ಹೊಸ ಕೋಟು ಹೊಡೆದರೆ ಅದರಲ್ಲಿರುವ ತಿನ್ನರ್ ಹಳೆಯದನ್ನು ಸ್ವಲ್ಪ ಕರಗಿಸುತ್ತದೆ. ಎರಡೂ ಬೆಸೆದು ಒಂದೇ ಪೊರೆ ಆಗುತ್ತವೆ. ಹತ್ತು ಕೋಟು ಹೊಡೆದರೂ ಹತ್ತು ಪದರ ಅಲ್ಲ, ಒಂದೇ. ಪಿಯು (ಪಾಲಿಯುರೆಥೇನ್ ಎಂಬ ಇನ್ನೊಂದು ಬಗೆಯ ಲೇಪ) ಹೊಡೆದರೆ ಹಾಗಲ್ಲ, ಒಮ್ಮೆ ಗಟ್ಟಿಯಾದರೆ ಮುಗಿಯಿತು, ಮೇಲಿನದು ಮೇಲೆಯೇ ಕೂರುತ್ತದೆ, ಉಪ್ಪುಕಾಗದ ಹಾಕಿ ಒರಟು ಮಾಡದಿದ್ದರೆ ಹಿಡಿಯುವುದೂ ಇಲ್ಲ. ಗಿಟಾರಿಗೆ ಎಲ್ಲೋ ಒಂದು ಕಡೆ ಏಟು ಬಿದ್ದರೆ ನೈಟ್ರೋದಲ್ಲಿ ಅಷ್ಟಕ್ಕೇ ತೊಟ್ಟಿಟ್ಟು ಸರಿ ಮಾಡಬಹುದು, ಅದಕ್ಕೆ ಕಾರಣವೂ ಇದೇ. ಇಂಗ್ಲಿಷಿನವರು ಇದಕ್ಕೆ ‘ಬರ್ನ್ ಇನ್’ ಅನ್ನುತ್ತಾರೆ. ಇಲ್ಲಿ ಏನೂ ಸುಡುವುದಿಲ್ಲ.

ಮೇಸ್ತ್ರಿ ಏನೆಂದರು ಗೊತ್ತಾ? “ಈ ಕೋಟು ಕೆಳಗಿಂದರಲ್ಲಿ ಅರಗ್ಲಿ ಸಾರ್, ಆಮೇಲೆ ಇನ್ನೊಂದು.”

ಅರಗಲಿ! ಊಟ ಅರಗುವ ಅರಗು. ಅಜೀರ್ಣಕ್ಕೆ ‘ತಿಂದದ್ದು ಅರಗಿಲ್ಲ’ ಅನ್ನುತ್ತೇವಲ್ಲ, ಅದೇ ಕ್ರಿಯಾಪದ. ಇದಕ್ಕೆ ಕರಗು ಎನ್ನುವ ಅರ್ಥವೂ ಉಂಟು. ನೋಡಿ, ವಸ್ತುವಿಗೆ ಅರಗು ಎಂಬ ನಾಮಪದ ಹೊಂದಲಿಲ್ಲ ಎಂದು ನಾನು ಒದ್ದಾಡುತ್ತಿದ್ದರೆ ಕೆಲಸಕ್ಕೆ ಅರಗು ಎಂಬ ಕ್ರಿಯಾಪದ ಬಾಗಿಲಲ್ಲೇ ನಿಂತಿತ್ತು. ಒಂದು ಕೋಟು ಇನ್ನೊಂದರಲ್ಲಿ ಅರಗುವುದು ಲ್ಯಾಕರ್, ಅರಗದೆ ಕೂರುವುದು ಪಿಯು. ಹುಡುಗರಿಗೆ ಇದಕ್ಕಿಂತ ಚೆನ್ನಾಗಿ ವ್ಯತ್ಯಾಸ ಹೇಳಲು ನನಗಂತೂ ಬರುವುದಿಲ್ಲ. ಪುಟ ಎರಡರಲ್ಲಿ ಹಾಗೇ ಬರೆದಿದ್ದೇನೆ.

ಇನ್ನೊಂದು ಪದ ನನ್ನ ಸೋಲಿನಿಂದ ಸಿಕ್ಕಿತು. ಜುಲೈ ತಿಂಗಳು, ನಾಲ್ಕು ದಿನದಿಂದ ಜಡಿಮಳೆ. ನನಗೆ ತಾಳ್ಮೆ ಇರಲಿಲ್ಲ. ಹಳದಿ ಆಗಿತ್ತು, ಕೆಂಪೂ ಚೆನ್ನಾಗಿ ತಿರುಗಿತ್ತು, ಅಂಚಿನ ಕಪ್ಪು ಒಂದು ಬಾಕಿ. ಮೇಸ್ತ್ರಿ ಇಲ್ಲದಾಗ ನಾನೇ ಗನ್ನು ಹಿಡಿದೆ. ಗನ್ನಿನ ಮೂತಿ ಹೊರಕ್ಕೆ ತಿರುಗಿರಬೇಕು, ಹಾರಿದ ಬಣ್ಣದ ದೂಳು ಗಿಟಾರಿನಿಂದ ಆಚೆ ಬೀಳಬೇಕು, ಅಷ್ಟು ಮಾತ್ರ ನೆನಪಿತ್ತು. ಹೊಡೆದು ಹಿಂದೆ ಸರಿದು ನೋಡುತ್ತೇನೆ, ಕಣ್ಣೆದುರಿಗೇ ಕಪ್ಪಂಚು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತಿದೆ. ತಿನ್ನರ್ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಇಳಿದು ಪೊರೆಯೊಳಗೆ ಸಿಕ್ಕಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಬ್ಲಶ್’ ಎಂದು ಹೆಸರು, ಎಂದರೆ ನಾಚಿ ಕೆಂಪಾಗುವುದು. ಬೆಳ್ಳಗಾದದ್ದಕ್ಕೆ ಕೆಂಪಾಯಿತು ಅನ್ನುವುದು ಯಾವ ನ್ಯಾಯ! ಸಂಜೆ ಮೇಸ್ತ್ರಿ ಬಂದು ನೋಡಿ, ಬೈಯಲಿಲ್ಲ, “ಬಿಳಿಚ್ಕೊಂಡಿದೆ ಸಾರ್” ಅಂದರು, ಜ್ವರ ಬಂದ ಮಗುವಿನ ಬಗ್ಗೆ ಹೇಳುವ ಹಾಗೆ. ಮಳೆ ಬಿಟ್ಟ ಮೇಲೆ ನಿಧಾನಕ್ಕೆ ಹಾರುವ ತಿನ್ನರ್ ಬೆರೆಸಿ ಒಂದು ತೆಳು ಕೋಟು ಹೊಡೆದರು. ಬಿಳುಪು ಕರಗಿ ಕಪ್ಪು ಮೇಲೆದ್ದು ಬಂತು. ‘ಬಿಳಿಚಿಕೊಳ್ಳು’ ಎನ್ನುವುದನ್ನು ನಾನು ಖಾಯಂ ಮಾಡಿಬಿಟ್ಟಿದ್ದೇನೆ, ಯಾರೂ ಬೇಡ ಅನ್ನಬೇಡಿ.

ಉಳಿದವು ಅಷ್ಟು ಕಷ್ಟ ಆಗಲಿಲ್ಲ. ಗಿಟಾರಿನ ಅಂಚಿಗೆ ಸುತ್ತಿದ ಬಿಳಿ ಪಟ್ಟಿಗೆ ‘ಗೋಟು’ ಎಂದೆ, ಚಾಪೆಗೆ ಲಂಗಕ್ಕೆ ಹಾಕುವ ಗೋಟೇ. ಅದರ ಮೇಲೆ ಬಿದ್ದ ಬಣ್ಣವನ್ನು ಬ್ಲೇಡಿನಿಂದ ತೆಗೆಯುವುದು ‘ಹೆರೆಯುವುದು’. ಮೈ ಕಿತ್ತಳೆ ಸಿಪ್ಪೆಯ ಹಾಗೆ ಆದರೆ ಕಿತ್ತಳೆ ಸಿಪ್ಪೆಯೇ.

‘ಕ್ಯೂರ್’ ಆಗುವುದಕ್ಕೆ ‘ಒಣಗು’ ಸಾಲದು. ಮುಟ್ಟಿದರೆ ಅಂಟದ ಹಾಗೆ ಒಣಗಲು ಒಂದು ಗಂಟೆಯೂ ಬೇಡ, ಆದರೆ ಒಳಗಿನ ತಿನ್ನರ್ ಪೂರ್ತಿ ಹೋಗಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು, ಆಮೇಲೆಯೇ ನೀರು ಹಾಕಿ 1000, 1500, 2000 ನಂಬರಿನ ಕಾಗದದಿಂದ ತಿಕ್ಕಿ ಹೊಳಪು ಕೊಡುವುದು. ಇದಕ್ಕೆ ನಾನು ‘ಮಾಗು’ ಇಟ್ಟಿದ್ದೇನೆ. ಭಾವನಿಗೆ ಒಪ್ಪಿಗೆಯಿಲ್ಲ, ಹಣ್ಣು ಮಾಗಿದರೆ ಮೆತ್ತಗಾಗುತ್ತೆ, ಇದು ಗಟ್ಟಿಯಾಗಬೇಕಲ್ವಾ ಅನ್ನುತ್ತಾರೆ. ಮಾತು ಸರಿಯೇ. ಆದರೆ ಚಳಿಗಾಲ ಮಾಗುತ್ತದೆ, ಮನುಷ್ಯ ಮಾಗುತ್ತಾನೆ, ಅವೆಲ್ಲ ಮೆತ್ತಗಾಗುತ್ತವಾ? ನೀವು ಯಾರ ಕಡೆ?

ಬಿಸಿಲಿಗೆ ಬಣ್ಣ ಹೋಗುವುದಕ್ಕೂ ಒಂದು ಮಾತು ಬೇಕು. ಗಿಬ್ಸನ್ ಕಂಪನಿಯ ಲೆಸ್ ಪಾಲ್ ಎಂಬ ಗಿಟಾರ್ 1952ರಲ್ಲಿ ಚಿನ್ನದ ಬಣ್ಣದಲ್ಲಿ ಬಂದು, 1958ರಿಂದ 1960ರವರೆಗೆ ಕೆಂಪಂಚಿನ ಸನ್‌ಬರ್ಸ್ಟ್‌ನಲ್ಲಿ ಬಂತು. ಆ ಕೆಂಪು ಬಿಸಿಲಿಗೆ ನಿಲ್ಲಲಿಲ್ಲ. ಕೆಲವು ಜೇನಿನ ಬಣ್ಣಕ್ಕೆ, ಕೆಲವು ಟೀ ಬಣ್ಣಕ್ಕೆ, ಕೆಲವು ನಿಂಬೆ ಬಣ್ಣಕ್ಕೆ ಬಂದು ನಿಂತವು, ಈಗ ಅವೇ ಬಣ್ಣಗಳ ಹೆಸರಾಗಿ ಹೊಸ ಗಿಟಾರಿಗೆ ಬೇಕೆಂದೇ ಹಾಗೆ ಹೊಡೆಯುತ್ತಾರೆ. ಇದಕ್ಕೆ ‘ಮಾಸು’ ಎಂದರೆ ಕೊಳೆಯಾದ ಹಾಗೆ ಕೇಳುತ್ತದೆ. ‘ಕಂದು’ ಎಂದರೆ ಕಪ್ಪಾದ ಹಾಗೆ. ‘ಬಣ್ಣ ಬಿಟ್ಟಿತು’ ಎಂದರೆ ನೀರಿಗೆ ಹಾಕಿದ ಸೀರೆ. ಸದ್ಯಕ್ಕೆ ‘ಬಿಸಿಲು ತಿಂದ ಕೆಂಪು’ ಎಂದು ಬರೆದಿದ್ದೇನೆ, ಆದರೆ ಒಂಟಿ ಪದ ಇದ್ದರೆ ಹೇಳಿ.

ಕೊನೆಗೆ ನಾಲ್ಕು ಕಡೆಯವರಿಗೆ ನಾಲ್ಕು ಪ್ರಶ್ನೆ. ಚನ್ನಪಟ್ಟಣದ ಬಳಕೆ ಬಲ್ಲವರೇ, ಅರಗು ಮರಕ್ಕೆ ಚೆನ್ನಾಗಿ ಹತ್ತಿದಾಗ ಕುಶಲಕರ್ಮಿಗಳು ಯಾವ ಕ್ರಿಯಾಪದ ಆಡುತ್ತಾರೆ, ಅಲ್ಲಿಯೂ ‘ಅರಗಿತು’ ಉಂಟಾ? ಮೈಸೂರಿನಲ್ಲಿ ವೀಣೆ ಮಾಡುವವರ ಒಡನಾಟ ಇರುವವರೇ, ಪಾಲಿಶ್ ಎನ್ನುವ ಪದ ಬರುವ ಮೊದಲು ಹಲಸಿನ ಮರಕ್ಕೆ ಕೊಡುತ್ತಿದ್ದ ಹೊಳಪಿಗೆ ‘ಒಪ್ಪ’ ಎನ್ನುತ್ತಿದ್ದರಾ, ಬೇರೆ ಮಾತಿತ್ತಾ? ಪದಮೂಲ ಬಲ್ಲವರೇ, ನಾಮಪದದ ಅರಗಿಗೂ ಕ್ರಿಯಾಪದದ ಅರಗಿಗೂ ನಂಟು ಇದೆಯಾ? ಉತ್ತರ ಕರ್ನಾಟಕದವರೇ, ದೋರೆ ಎನ್ನುವುದು ನಿಮ್ಮ ಕಡೆ ನಡೆಯುತ್ತಾ? ಹಾವೇರಿ ಹುಡುಗ ಆ ಪದ ಕೇಳಿ ಸುಮ್ನೆ ತಲೆಯಾಡಿಸಿದ, ಅರ್ಥವಾಯಿತೋ ಇಲ್ಲವೋ ಬಾಯಿ ಬಿಡಲಿಲ್ಲ. ಸೋಮವಾರ ಅವನೇ ಎರಡನೇ ಗಿಟಾರಿನ ಕೆಂಪು ಹೊಡೆಯುವವನು, ಅಷ್ಟರೊಳಗೆ ಯಾರಾದರೂ ಉತ್ತರ ಕೊಟ್ಟರೆ ನನ್ನ ಮೇಪಲ್ ಹಲಗೆ ಉಳಿಯುತ್ತದೆ.