ಬ್ಲಾಕ್ ಗೋಡೆಗೆ ಪ್ಲಾಸ್ಟರ್‌ಗೂ ಮುಂಚೆ ಬಾಂಡಿಂಗ್ ಏಜೆಂಟ್: ಸಿವಿಲ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಹೊಸಮನೆ: ನಮಸ್ಕಾರ ಸರ್. ಕಾಂಕ್ರೀಟ್ ಬ್ಲಾಕ್ ಗೋಡೆಗೆ ಬಾಂಡಿಂಗ್ ಏಜೆಂಟ್ (ಗಾರೆ ಗೋಡೆಗೆ ಹಿಡಿಯಲು ಬಳಿಯುವ ಅಂಟು) ಹಚ್ಚಲೇಬೇಕಾ?

ಎಂಜಿನಿಯರ್: ನಮಸ್ಕಾರ. ಬ್ಲಾಕ್ ಒರಟಾಗಿದ್ದು, ಧೂಳಿಲ್ಲದೆ, ಚಿಮುಕಿಸಿದ ನೀರನ್ನು ಹೀರುತ್ತಿದ್ದರೆ ಬೇಡ. ಸಂದುಗಳನ್ನು 10 ಮಿ.ಮೀ. ಕೆರೆದಿದ್ದರೆ ಇನ್ನೂ ಒಳ್ಳೆಯದು. ನುಣುಪು ಕಾಲಂ, ಬೀಮ್‌ಗೆ ಬೇಕು. ಅಲ್ಲಿ ಮೊದಲು ಶಟರಿಂಗ್ ಎಣ್ಣೆಯನ್ನು (ಕಾಂಕ್ರೀಟ್ ಅಚ್ಚಿನ ಹಲಗೆಗೆ ಬಳಿದದ್ದು) ಪೂರ್ತಿ ತೆಗೆಯಬೇಕು.

ಮೆಟ್ಟಿಲಮನೆ: ಸರ್, ಮೆಟ್ಟಿಲ ಪಕ್ಕದ ಎತ್ತರದ ಗೋಡೆಗೆ ಪಿವಿಎ ಬಿಳಿ ಅಂಟು ಬಳಿದರು. ಎರಡು ದಿನ ಕೆಲಸದವರು ಬರಲಿಲ್ಲ. ಆಮೇಲೆ ಅದರ ಮೇಲೇ ಪ್ಲಾಸ್ಟರ್. ಕೆಲವು ಕಡೆ ಒಂದೇ ಸಲಕ್ಕೆ 30 ಮಿ.ಮೀ. ದಪ್ಪ. ತಟ್ಟಿದರೆ ಡಬಡಬ ಅನ್ನುತ್ತಿದೆ. ಬಿರುಕಿಗೆ ಪುಟ್ಟಿ ಸಾಕು ಅಂತಾರೆ ಮೇಸ್ತ್ರಿ.

ಎಂಜಿನಿಯರ್: ಪುಟ್ಟಿ ಬೇಡವೇ ಬೇಡ. ಮೊದಲು ಆ ಮೆಟ್ಟಿಲಲ್ಲಿ ಓಡಾಟ ನಿಲ್ಲಿಸಿ. ಅಂಟು ಜಿಗುಟಾಗಿರುವಾಗಲೇ ಅದರ ಮೇಲೆ ಗಾರೆ ಬೀಳಬೇಕು. ಪೂರ್ತಿ ಒಣಗಿದರೆ ಅದು ನುಣುಪಾದ ಪದರ, ಗೋಡೆಗೂ ಗಾರೆಗೂ ನಡುವೆ ಅಡ್ಡ. ಅದೂ ಅಲ್ಲದೆ ಪಿವಿಎ ತೇವ ತಗುಲಿದರೆ ಮತ್ತೆ ಮೆತ್ತಗಾಗುತ್ತದೆ. ಕ್ಯೂರಿಂಗ್ ನೀರೇ, ಅಂದರೆ ಗಾರೆ ಗಟ್ಟಿಯಾಗಲು ಹೊಡೆಯುವ ನೀರೇ ಸಾಕು. ಮೇಲಿಂದ 30 ಮಿ.ಮೀ. ಭಾರ ಬೇರೆ. ಅಂಥ ಗಾರೆ ಹಾಳೆ ಹಾಳೆಯಾಗಿ ಬೀಳುತ್ತದೆ.

ಸಣ್ಣ ಸುತ್ತಿಗೆಯಲ್ಲಿ ಇಡೀ ಗೋಡೆ ತಟ್ಟಿಸಿ, ಟೊಳ್ಳು ಕಡೆ ಚಾಕ್ ಗುರುತು ಹಾಕಿ. ಒಂದು ಕಡೆ ಕಿತ್ತು ಗಾರೆಯ ಹಿಂಬದಿ ನೋಡಿ. ಹೊಳೆಯುತ್ತಿದ್ದರೆ ಎಲ್ಲವನ್ನೂ ಕೆಡವಬೇಕು. ಉಳಿದ ಅಂಟನ್ನು ಚಿಪ್ಪಿಂಗ್ ಮಾಡಿ (ಉಳಿಯಿಂದ ಕೆತ್ತಿ), ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೆಸಿ. ಅದರ ಮೇಲೇ ಇನ್ನೊಂದು ಕೋಟ್ ಬಳಿಯಬೇಡಿ. ಆಮೇಲೆ ಎಸ್‌ಬಿಆರ್ ಲೇಟೆಕ್ಸ್‌ಗೆ (ತೇವಕ್ಕೆ ಮೆತ್ತಗಾಗದ ರಬ್ಬರ್ ದ್ರವ) ಸಿಮೆಂಟ್ ಕಲಸಿದ ಸ್ಲರಿ. ಅಳತೆ ಡಬ್ಬದ ಮೇಲಿರುವಂತೆ. ಒಣಗುವ ಮೊದಲು ಎಷ್ಟು ಜಾಗ ಮುಚ್ಚಬಹುದೋ ಅಷ್ಟಕ್ಕೇ ಬಳಿಯಿರಿ. ಗಾರೆ 15 ಮಿ.ಮೀ. ದಾಟಿದರೆ ಎರಡು ಪದರ. ಮೊದಲನೆಯದನ್ನು ಗೀರಿ ಬಿಡಬೇಕು.

ಮಳೆಹನಿ: ಫಾರ್ವರ್ಡ್ ಬಂದಿದೆ: ಗಾರೆಗೆ ಸೋಪಿನ ಪುಡಿ ಮತ್ತು ಒಂದು ಹಿಡಿ ಸಕ್ಕರೆ ಹಾಕಿದರೆ ಬಿರುಕೇ ಬರಲ್ಲವಂತೆ!

ಎಂಜಿನಿಯರ್: ಹಾಕಬೇಡಿ. ಸೋಪು ಗಾಳಿ ಗುಳ್ಳೆ ತುಂಬಿ ಗಾರೆಯನ್ನು ದುರ್ಬಲ ಮಾಡುತ್ತದೆ. ಸಕ್ಕರೆ ಸಿಮೆಂಟ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ಯಾರೋ ನಂಬಿ ಗೋಡೆ ಹಾಳು ಮಾಡಿಕೊಳ್ಳುತ್ತಾರೆ.

ಬಿಳಿಗೋಡೆ: ಜಿಪ್ಸಂ ಪ್ಲಾಸ್ಟರ್‌ಗೂ ಇದೇ ಕ್ರಮವಾ ಸರ್?

ಕರಣೆ: ಬ್ಲಾಕ್ ಗೋಡೆಗೆ ಬಾಂಡಿಂಗ್ ಏಜೆಂಟಿನ ಯಾವ ಡಬ್ಬವೂ ಬೇಡ. ಹಿಂದಿನ ರಾತ್ರಿ ಗೋಡೆಗೆ ಚೆನ್ನಾಗಿ ನೀರು ಹೊಡೆಯಿರಿ. ಅಷ್ಟೇ.

ನಕ್ಷೆ: ಎಎಸಿ ಬ್ಲಾಕ್‌ಗೆ (ಗಾಳಿ ಗುಳ್ಳೆ ತುಂಬಿದ ಹಗುರ ಬ್ಲಾಕ್) ಹಾಗೆ ಮಾಡಿದರೆ ಕೆಟ್ಟಿತು. ನೆನೆದ ಬ್ಲಾಕ್ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ.

ಕರಣೆ: ಕಾಗದದ ಮೇಲೆ ಗೆರೆ ಎಳೆಯುವವರು ನಮಗೆ ಹೇಳಿಕೊಡಬೇಕಾ? ಒಣ ಬ್ಲಾಕ್ ಗಾರೆಯ ನೀರನ್ನೆಲ್ಲ ಎಳೆದುಕೊಳ್ಳಲ್ವಾ?

ನಕ್ಷೆ: ಒಣಗಿಸಿ ಅಂತ ನಾನು ಹೇಳಿದೆನಾ? ಸರಿಯಾಗಿ ಓದಿ ಆಮೇಲೆ ಬೈಯಿರಿ.

ಎಂಜಿನಿಯರ್: ಎಎಸಿಗೆ ಧೂಳು ಒರೆಸಿ, ಹಗುರಾಗಿ ಸ್ಪ್ರೇ. ಮೈ ತೇವವಿರಲಿ, ನೀರು ಇಳಿಯಬಾರದು. ಕಾಲಂ ಸೇರುವ ಕಡೆ ಮೆಶ್ (ಬಲೆ). ಜಗಳ ನಿಲ್ಲಿಸಿ.

ಕರಣೆ: ಮೊದಲು ಶುರು ಮಾಡಿದ್ದು ಯಾರು ನೋಡಿ.

ತೋಟದಮನೆ: ಬಾಂಡಿಂಗ್ ಏಜೆಂಟ್ ಕಡ್ಡಾಯವಾ?

ಎಂಜಿನಿಯರ್: ಮೊದಲ ಉತ್ತರ ಓದಿ.

ಹೊಸಮನೆ: ಬಾಂಡಿಂಗ್ ಏಜೆಂಟ್ ಬದಲು 1:3 ಗಾರೆ (ಒಂದು ಪಾಲು ಸಿಮೆಂಟ್, ಮೂರು ಪಾಲು ಮರಳು) ಹಾಕಿದರೆ ಗಟ್ಟಿ ಹಿಡಿಯುತ್ತಾ?

ಎಂಜಿನಿಯರ್: ಇಲ್ಲ. ಸಿಮೆಂಟ್ ಜಾಸ್ತಿಯಾದಷ್ಟೂ ಜಾಸ್ತಿ ಕುಗ್ಗುತ್ತದೆ. ಗಾರೆ ಗೋಡೆಗಿಂತ ಬಲವಾಗಿರಬಾರದು. ಒಳಗೋಡೆಗೆ 1:6 ಸಾಕು.

ಮಳೆಹನಿ: ಅಂಟಿಗೆ ಸುಣ್ಣ ಬೆರೆಸಿ ಬಳಿಯಬೇಕು ಅಂತ ಇನ್ನೊಂದು ವಿಡಿಯೋ ಬಂದಿದೆ.

ಎಂಜಿನಿಯರ್: ಈಗಷ್ಟೇ ಹೇಳಿದ್ದೆ. ತೆಗೆಯಿರಿ ಅದನ್ನು.

ಮೆಟ್ಟಿಲಮನೆ: ಸರ್, ಒಂದು ಕಡೆ ಕಿತ್ತು ನೋಡಿದೆವು. ಹಿಂಬದಿ ಗಾಜಿನ ಹಾಗೆ ಹೊಳೆಯುತ್ತಿದೆ.

ಎಂಜಿನಿಯರ್: ಹಾಗಾದರೆ ಪೂರ್ತಿ ಕೆಡವಿ. ಮೇಲಿನಿಂದ ಕೆಳಕ್ಕೆ, ಹೆಲ್ಮೆಟ್ ಹಾಕಿಕೊಂಡೇ. ಕೆಳಗೆ ಯಾರೂ ನಿಲ್ಲಬಾರದು.

ಬಿಳಿಗೋಡೆ: ಜಿಪ್ಸಂ ಬಗ್ಗೆ ಕೇಳಿದ್ದೆ, ಯಾರೂ ಹೇಳಲೇ ಇಲ್ಲ.